ಮರಿಯೊಳಗಿನ ಎರಡು ಗಡಿಯಾರಗಳು

ಕಟ್ಟುತ್ತಿರುವ ಮನೆಯ ಮರಳಿನ ರಾಶಿ, ಬೀಡಾ ಅಂಗಡಿಯ ಕೆಳಗಿನ ಸಂದು, ಒಣಗಿದ ಮೋರಿ - ಬೀದಿನಾಯಿ ಎಲ್ಲೆಲ್ಲಿ ಮರಿ ಹಾಕಿದೆ ಎಂಬುದು ದೊಡ್ಡವರಿಗಿಂತ ಶಾಲೆಗೆ ಹೋಗುವ ಮಕ್ಕಳಿಗೇ ಚೆನ್ನಾಗಿ ಗೊತ್ತು. ತಾಯಿ ಲಾರಿಗೋ ಬಸ್ಸಿಗೋ ಸಿಕ್ಕಿ ಸತ್ತರೆ ಮರಿಗಳ ಗತಿ ಏನು? ಎಷ್ಟೋ ಮರಿಗಳು ಅಲ್ಲಿಯೇ ಕಣ್ಣು ಮುಚ್ಚುತ್ತವೆ. ಕೆಲವು ಮಾತ್ರ ಯಾರದೋ ಕಣ್ಣಿಗೆ ಬಿದ್ದು ಪ್ರಾಣಿದಯಾ ಸಂಸ್ಥೆಗಳನ್ನು ಸೇರುತ್ತವೆ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ‘ಕ್ಯೂಪಾ’ ಅಂಥದೊಂದು ಸಂಸ್ಥೆ.

ಹೀಗೆ ಬಂದ ಮರಿಗಳನ್ನು ಹತ್ತಾರು ನಾಯಿಗಳಿರುವ ಆಶ್ರಯಧಾಮದಲ್ಲಿ ಇಡುವ ಬದಲು, ಆಸಕ್ತರ ಮನೆಯಲ್ಲಿ ಕೆಲವು ವಾರ ಸಾಕಲು ಬಿಡುವ ಪದ್ಧತಿ ಈಗ ನಗರಗಳಲ್ಲಿ ಬೆಳೆದಿದೆ. ಇದನ್ನು ‘ಫಾಸ್ಟರ್ ಹೋಮ್’ ಎನ್ನುತ್ತಾರೆ. ತಾತ್ಕಾಲಿಕ ಸಾಕುಮನೆ ಎನ್ನೋಣ. ಖಾಯಂ ಆಗಿ ಸಾಕುವವರು ಸಿಕ್ಕಾಗ ಮರಿಯನ್ನು ಅವರಿಗೆ ದತ್ತು ಕೊಡಲಾಗುತ್ತದೆ. ನಡುವೆ ಈ ಮನೆ ಏಕೆ ಬೇಕು? ಮರಿಯನ್ನು ನೇರವಾಗಿ ಬೀದಿಯಿಂದಲೇ ತಂದುಕೊಂಡರೆ ಆಗದೆ? ಉತ್ತರ ಮರಿಯ ದೇಹದೊಳಗೇ ಇದೆ. ಅಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ.

ಮೊದಲನೆಯದು ಮನಸ್ಸಿನ ಗಡಿಯಾರ. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಸುಮಾರು 2 ವಾರಕ್ಕೆ ಅದು ಕಣ್ಣು ತೆರೆಯುತ್ತದೆ, 3ನೇ ವಾರಕ್ಕೆ ಶಬ್ದಕ್ಕೆ ಬೆಚ್ಚುತ್ತದೆ. ಅಲ್ಲಿಂದ 12-14ನೇ ವಾರದವರೆಗೆ ಅದು ಯಾರನ್ನು, ಯಾವುದನ್ನು ಹೆದರಿಕೆಯಿಲ್ಲದೆ ಕಂಡಿರುತ್ತದೋ ಅವರೆಲ್ಲ ಅದರ ಪಾಲಿಗೆ ‘ನಮ್ಮವರು’.

ಅಮೆರಿಕದ ಮೇನ್ ರಾಜ್ಯದಲ್ಲಿರುವ ಜಾಕ್ಸನ್ ಪ್ರಯೋಗಾಲಯದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಎತ್ತರದ ಬೇಲಿಯ ಬಯಲಿನಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಲಾಯಿತು. 2, 3, 5, 7, 9 ವಾರಗಳ ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಂದು ವಾರ ಮಾತ್ರ ಒಳಗೆ ತಂದು ಜನರೊಡನೆ ಆಡಲು ಬಿಟ್ಟರು. ಇನ್ನು ಕೆಲವಕ್ಕೆ 14 ವಾರ ತುಂಬುವವರೆಗೂ ಜನರ ಒಡನಾಟವೇ ಇರಲಿಲ್ಲ. ಈ ಕೊನೆಯ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರನ್ನು ಕಂಡರೆ ಓಡುತ್ತಿದ್ದವು. ಇದೇ ಅವಧಿಯಲ್ಲಿ ಇನ್ನೊಂದು ಪಾಠವೂ ನಡೆಯುತ್ತದೆ. ಒಡಹುಟ್ಟಿದ ಮರಿಗಳೊಡನೆ ಜಗಳವಾಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟಾದರೆ ನೋವು ಎಂಬುದನ್ನು ಮರಿ ಕಲಿಯುವುದು ಹೀಗೆ. 20-30 ದಿನಕ್ಕೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಈ ಪಾಠ ತಪ್ಪಿಹೋಗುತ್ತದೆ.

ಎರಡನೆಯದು ರೋಗನಿರೋಧಕ ಶಕ್ತಿಯ ಗಡಿಯಾರ. ಹಸು ಈದಾಗ ಮೊದಲ ಹಾಲಿನಿಂದ ಗಿಣ್ಣು ಮಾಡುವುದು ಎಲ್ಲರಿಗೂ ಗೊತ್ತು. ನಾಯಿಯ ಮೊದಲ ಹಾಲೂ ಅಂಥದೇ. ಹುಟ್ಟಿದ ಮೊದಲ ದಿನ ಅದನ್ನು ಕುಡಿದ ಮರಿಯ ರಕ್ತಕ್ಕೆ ತಾಯಿಯ ಪ್ರತಿಕಾಯಗಳು ಸೇರುತ್ತವೆ. ಆದರೆ ಇದು ಎರವಲು ಬಂಡವಾಳ. ಸುಮಾರು 10 ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ವಿಕಿರಣಶೀಲತೆಯ ಪಾಠದಲ್ಲಿ ಬರುವ ಅರ್ಧಾಯುಷ್ಯದ ಲೆಕ್ಕವೇ ಇದು. 40 ದಿನಗಳಲ್ಲಿ ಉಳಿಯುವುದು ಹದಿನಾರರಲ್ಲಿ ಒಂದು ಪಾಲು.

ಹಾಗಾದರೆ ಮೊದಲೇ ಲಸಿಕೆ ಹಾಕಿಸಬಹುದಲ್ಲ? ತೊಡಕು ಇರುವುದು ಇಲ್ಲಿಯೇ. ತಾಯಿಯ ಪ್ರತಿಕಾಯಗಳು ಹೆಚ್ಚಿದ್ದರೆ ಅವು ಲಸಿಕೆಯನ್ನೇ ನಿಷ್ಫಲಗೊಳಿಸುತ್ತವೆ. ರೋಗ ತಡೆಯಲು ಸಾಲದಷ್ಟು ಕಡಿಮೆ, ಲಸಿಕೆಯನ್ನು ಕೆಡಿಸುವಷ್ಟು ಹೆಚ್ಚು - ಹೀಗೊಂದು ಅಪಾಯದ ಅವಧಿ ಪ್ರತಿ ಮರಿಗೂ ಬರುತ್ತದೆ. ಯಾವ ಮರಿಗೆ ಯಾವಾಗ ಎಂದು ಹೊರಗಿನಿಂದ ತಿಳಿಯದು. ಅದಕ್ಕಾಗಿಯೇ ಪಶುವೈದ್ಯರು 6-8ನೇ ವಾರದಲ್ಲಿ ಲಸಿಕೆ ಆರಂಭಿಸಿ, 2ರಿಂದ 4 ವಾರಗಳ ಅಂತರದಲ್ಲಿ 16ನೇ ವಾರದವರೆಗೆ ಮತ್ತೆ ಮತ್ತೆ ಕೊಡುತ್ತಾರೆ. ‘ಒಂದು ಸೂಜಿ ಆಯಿತಲ್ಲ, ಸಾಕು’ ಎನ್ನುವ ಮನೆಗಳಲ್ಲಿ ಮರಿ ಸಾಯುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. 1978ರಲ್ಲಿ ಮೊದಲು ಗುರುತಿಸಲಾದ ಪಾರ್ವೊ ವೈರಸ್ ಇವುಗಳಲ್ಲಿ ಅತಿ ಕ್ರೂರಿ. ವಾಂತಿ, ರಕ್ತಭೇದಿಯಿಂದ ಮರಿ ಕೆಲವೇ ದಿನಗಳಲ್ಲಿ ನೀರಿಲ್ಲದೆ ಬಾಡಿ ಹೋಗುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವ ಈ ವೈರಸ್ ಸೋಪಿನ ನೀರಿಗೆ ಸಾಯುವುದಿಲ್ಲ.

ಈಗ ಎರಡು ಗಡಿಯಾರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮರಿ ಜನರನ್ನು ನೋಡಿ ಕಲಿಯಬೇಕಾದ ವಾರಗಳೂ ರೋಗಕ್ಕೆ ಸುಲಭವಾಗಿ ತುತ್ತಾಗುವ ವಾರಗಳೂ ಹೆಚ್ಚುಕಡಿಮೆ ಒಂದೇ! ಬೀದಿಯಲ್ಲಿ ಬಿಟ್ಟರೆ ರೋಗ, ಪಂಜರದಲ್ಲಿಟ್ಟರೆ ಜೀವನಪೂರ್ತಿ ಅಂಜಿಕೆ. ಒಳ್ಳೆಯ ಸಾಕುಮನೆ ಈ ಇಕ್ಕಟ್ಟನ್ನು ಬಿಡಿಸುತ್ತದೆ. ಅಲ್ಲಿ ಮಿಕ್ಸಿಯ ಸದ್ದು, ಕುಕ್ಕರಿನ ಸಿಳ್ಳೆ, ಅಜ್ಜಿಯ ಊರುಗೋಲು, ಮಕ್ಕಳ ಗಲಾಟೆ ಎಲ್ಲವೂ ಮರಿಗೆ ಪರಿಚಯವಾಗುತ್ತವೆ. ಹೊರಗಿನ ಮಣ್ಣು ಮಾತ್ರ ಸೋಂಕುವುದಿಲ್ಲ.

ದತ್ತು ತೆಗೆದುಕೊಳ್ಳುವವರು ಮರಿಯ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಕೆಲವಿವೆ. ವಯಸ್ಸೆಷ್ಟು? ತಾಯಿಯ ಹಾಲು ಕುಡಿದಿದೆಯೆ? ಯಾವ ಲಸಿಕೆ ಯಾವ ತಾರೀಖಿಗೆ ಆಗಿದೆ? ಜಂತುಹುಳುವಿಗೆ ಔಷಧಿ ಕೊಟ್ಟಿದ್ದಾರೆಯೆ? 2017ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ದತ್ತು ಪಡೆಯುವಾಗಲೂ ಇದೇ ಅಳತೆಗೋಲು ಒಳ್ಳೆಯದು. ಮನೆಯಲ್ಲಿ ಈಚೆಗೆ ಪಾರ್ವೊದಿಂದ ನಾಯಿ ಸತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು.

ಮನೆಗೆ ಬಂದ ಮೊದಲ ಕೆಲವು ದಿನ ಸಾಕುಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ಆಮೇಲೆ ನಿಧಾನವಾಗಿ ಬದಲಿಸಬೇಕು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಈರುಳ್ಳಿಯೂ ಅಷ್ಟೆ. ಆದ್ದರಿಂದ ಮಿಕ್ಕ ಹುಳಿಯನ್ನ ಹಾಕುವ ರೂಢಿ ಬೇಡ. ಮರಿ ದಿನದ ಬಹುಭಾಗ ನಿದ್ರಿಸುತ್ತದೆ. ನೆರೆಹೊರೆಯ ಮಕ್ಕಳೆಲ್ಲ ಸರದಿಯಲ್ಲಿ ಎತ್ತಿ ಆಡಿಸಿದರೆ ಅದು ಬಳಲುತ್ತದೆ. ಹೊಸ ಜಾಗದ ಮೊದಲ ರಾತ್ರಿ ಅತ್ತರೆ ಗದರಿಸಬಾರದು.

ಪೋಷಕರು ಮರೆಯಬಾರದ ಒಂದು ಮಾತಿದೆ. ಹುಚ್ಚುನಾಯಿ ರೋಗ ಮರಿಗಳಿಗೂ ಬರುತ್ತದೆ, ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಮರಿಗೆ 3 ತಿಂಗಳಿಗೆ ಈ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಅಷ್ಟರಲ್ಲಿ ಮರಿ ಕಚ್ಚಿದರೆ, ಹಲ್ಲು ಉಗುರು ತಾಗಿ ಚರ್ಮ ತರಚಿದರೆ, ‘ಮರಿ ತಾನೆ’ ಎಂದು ಸುಮ್ಮನಿರದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಗಾಯ ಮುಚ್ಚಿಡುವುದುಂಟು. ಬೈಯುವುದಿಲ್ಲ ಎಂಬ ಭರವಸೆಯನ್ನು ಮರಿ ಬರುವ ಮೊದಲೇ ಕೊಡುವುದು ಲೇಸು.

ಮರಿ ದೊಡ್ಡದಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬೇಕು. ಇಲ್ಲವಾದರೆ ಮೋರಿಯ ಬದಿ ಇನ್ನಷ್ಟು ಅನಾಥ ಮರಿಗಳು ಸೇರುತ್ತವೆ.

ನಾಯಿ 12-14 ವರ್ಷ ಬದುಕಬಲ್ಲದು. ಐದನೇ ತರಗತಿಯ ಮಗು ಇಂದು ಹಟ ಹಿಡಿದು ತಂದ ಮರಿ, ಆ ಮಗು ಕಾಲೇಜು ಮುಗಿಸುವ ಹೊತ್ತಿಗೆ ಮುದಿಯಾಗಿ ಮನೆಯಲ್ಲೇ ಇರುತ್ತದೆ. ಪರೀಕ್ಷೆ, ಹಾಸ್ಟೆಲ್ ಎಂದು ಮಗು ಹೊರಟಾಗ ಅನ್ನ ಹಾಕುವವರು ಯಾರು? ಮನೆಯವರೆಲ್ಲ ಕೂತು ಇದನ್ನು ತೀರ್ಮಾನಿಸಿದ ಮೇಲೆ ಸಾಕುಮನೆಯ ಬಾಗಿಲು ತಟ್ಟಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಲಸಿಕೆಯ ತಾರೀಖುಗಳನ್ನು ಗುರುತು ಹಾಕುವ ಕೆಲಸವನ್ನು ಮಗುವಿಗೇ ವಹಿಸಿ.