ಅಂಕದ ಗುರಿಯನ್ನು ಯಾರು ನಿಗದಿಪಡಿಸಬೇಕು?

ಶೈಕ್ಷಣಿಕ ವರ್ಷ ಆರಂಭವಾಯಿತೆಂದರೆ ಹತ್ತನೆಯ ತರಗತಿಯ ಸುತ್ತ ಗುರಿಗಳ ನಿಗದಿ ಶುರುವಾಗುತ್ತದೆ. ಜಿಲ್ಲೆ ಈ ಸಲ ಇಷ್ಟನೇ ಸ್ಥಾನಕ್ಕೆ ಏರಬೇಕೆಂದು ಅಧಿಕಾರಿಗಳು, ಶಾಲೆಯ ಫಲಿತಾಂಶ ನೂರಕ್ಕೆ ನೂರಾಗಬೇಕೆಂದು ಆಡಳಿತ ಮಂಡಳಿಗಳು, ಮಗನೋ ಮಗಳೋ 600 ದಾಟಬೇಕೆಂದು ಪೋಷಕರು ಹೇಳುತ್ತಾರೆ. ಪರೀಕ್ಷೆ ಬರೆಯಬೇಕಾದ ವಿದ್ಯಾರ್ಥಿ ಈಗ ಎಲ್ಲಿದ್ದಾನೆ, ಮಾರ್ಚ್ ವೇಳೆಗೆ ಎಲ್ಲಿಗೆ ತಲುಪಬಲ್ಲ ಎಂಬ ಪ್ರಶ್ನೆ ಮಾತ್ರ ಬಹುತೇಕ ಕಡೆ ಕೇಳಿಬರುವುದಿಲ್ಲ.

ಮೇಲಿನಿಂದ ಇಳಿಯುವ ಇಂಥ ಗುರಿಗಳ ಪರಿಣಾಮವೇನು ಎಂಬುದಕ್ಕೆ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶಗಳೇ ಸುಳಿವು ನೀಡುತ್ತವೆ. 2023ರಲ್ಲಿ ಶೇ 83.89ರಷ್ಟು ವಿದ್ಯಾರ್ಥಿಗಳು ಉತ್ತೀರ್ಣರಾಗಿದ್ದರು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಮೊದಲ ಪರೀಕ್ಷೆಯ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ ಅದು ಶೇ 66.14ಕ್ಕೆ ಬಂದು ನಿಂತಿತು. ಕೊರೊನಾ ಕಾಲದ ಕಲಿಕಾ ನಷ್ಟದ ಪಾಲೂ ಇದರಲ್ಲಿ ಇರಬಹುದು. ಆದರೆ ಎರಡೇ ವರ್ಷಗಳಲ್ಲಿ ಮಕ್ಕಳ ಸಾಮರ್ಥ್ಯವೇ ಇಷ್ಟು ಕುಸಿಯಿತೆಂದು ನಂಬುವುದು ಕಷ್ಟ. ಹಿಂದಿನ ವರ್ಷಗಳ ಅಂಕಿ ಅಂಶಗಳಲ್ಲಿ ಎಷ್ಟು ಭಾಗ ಕಲಿಕೆಯಾಗಿತ್ತು ಎಂಬ ಅನುಮಾನ ಸಹಜವಾಗಿಯೇ ಮೂಡುತ್ತದೆ.

ಶೇಕಡಾವಾರು ಫಲಿತಾಂಶವೇ ಗುರಿಯಾದಾಗ ಶಿಕ್ಷಕರ ಗಮನವೆಲ್ಲ ಉತ್ತೀರ್ಣದ ಗೆರೆಯ ಅಂಚಿನಲ್ಲಿರುವ ಮಕ್ಕಳ ಮೇಲೆ ಕೇಂದ್ರೀಕೃತವಾಗುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಹೆಸರಿನಲ್ಲಿ ಆಯ್ದ ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿಸಲಾಗುತ್ತದೆ. ಓದಲು, ಬರೆಯಲು ತಡವರಿಸುವ ಮಗು ಲೆಕ್ಕಕ್ಕೆ ಹೊರೆಯಾಗುತ್ತದೆ. 50 ಅಂಕ ಪಡೆಯುತ್ತಿರುವ ವಿದ್ಯಾರ್ಥಿನಿ 70ಕ್ಕೆ ಏರಿದರೂ ಶಾಲೆಯ ಶೇಕಡಾವಾರು ಬದಲಾಗದು. ಆದ್ದರಿಂದ ಆಕೆಯನ್ನು ಮುಂದಕ್ಕೆ ಒಯ್ಯುವ ತುರ್ತು ಯಾರಿಗೂ ಇಲ್ಲ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43 ಫಲಿತಾಂಶ ಪಡೆದವು. ಇಷ್ಟು ಅಂತರವಿರುವ ಜಿಲ್ಲೆಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಸ್ಥಾನ ಏರಿಸಿಕೊಳ್ಳಿ ಎಂದರೆ ಹಿಂದುಳಿದ ಜಿಲ್ಲೆಯ ಶಿಕ್ಷಕ ಅಡ್ಡದಾರಿ ಹುಡುಕಿದರೆ ಅಚ್ಚರಿಯಿಲ್ಲ.

ಹಾಗೆಂದು ಗುರಿಯೇ ಬೇಡವೆನ್ನುವುದು ಸರಿಯಲ್ಲ. ಮನೆಯಲ್ಲಿ ಓದಿದವರಿಲ್ಲದ ಮಗುವಿಗೆ ‘ಪಾಸಾದರೆ ಸಾಕು’ ಎನ್ನುವುದು ಕನಿಕರದ ವೇಷದಲ್ಲಿರುವ ಅನ್ಯಾಯ. ಬದಲಾಗಬೇಕಾದದ್ದು ಗುರಿ ನಿಗದಿಪಡಿಸುವ ಕ್ರಮ. ಅದು ಪ್ರತಿ ವಿದ್ಯಾರ್ಥಿಗೆ, ಪ್ರತಿ ವಿಷಯಕ್ಕೆ ಬೇರೆಯಾಗಿರಬೇಕು. ಆತ ಇಂದು ನಿಂತಿರುವ ಜಾಗದಿಂದ ಆರಂಭವಾಗಬೇಕು. ಗಣಿತದ 80 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ ಅರ್ಧವಾರ್ಷಿಕದ ವೇಳೆಗೆ 24 ಪಡೆದವನಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 35, ಅಂತಿಮ ಪರೀಕ್ಷೆಯಲ್ಲಿ 45 ಎಂಬುದು ಎಟಕುವ ಗುರಿ. ಆದರೆ ಸಂಖ್ಯೆಯನ್ನು ಬರೆದಿಟ್ಟರೆ ಸಾಲದು. ಸಮಾಂತರ ಶ್ರೇಢಿಯೇ, ಸಂಖ್ಯಾಶಾಸ್ತ್ರವೇ, ತ್ರಿಭುಜಗಳೇ, ಯಾವ ಅಧ್ಯಾಯದಿಂದ ಆ ಅಂಕಗಳು ಬರಬೇಕು, ಕಳೆದ ಉತ್ತರಪತ್ರಿಕೆಯಲ್ಲಿ ತಪ್ಪಿದ್ದು ಸೂತ್ರದಲ್ಲೋ ಲೆಕ್ಕಾಚಾರದಲ್ಲೋ ಎಂಬುದನ್ನು ಶಿಕ್ಷಕರೂ ವಿದ್ಯಾರ್ಥಿಯೂ ಜೊತೆಗೆ ಕುಳಿತು ಗುರುತಿಸಬೇಕು. ತಾನೇ ಒಪ್ಪಿಕೊಂಡ ಗುರಿಗಾಗಿ ಮಗು ದುಡಿಯುವ ಬಗೆಯೇ ಬೇರೆ.

ಪೋಷಕರೂ ಇದನ್ನು ಗಮನಿಸಬೇಕು. 2025ರ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ 625ಕ್ಕೆ 625 ಪಡೆದವರು 22 ಮಂದಿ. ಪರೀಕ್ಷೆ ಬರೆದವರು ಲಕ್ಷಗಟ್ಟಲೆ. ಆ 22 ಮಂದಿಯ ಅಂಕವನ್ನು ಎಲ್ಲ ಮನೆಗಳಲ್ಲೂ ಅಳತೆಗೋಲಾಗಿಸಿದರೆ 540 ಗಳಿಸಿದ ಮಗುವೂ ಸೋತವನಂತೆ ತಲೆತಗ್ಗಿಸಬೇಕಾಗುತ್ತದೆ. ಪಕ್ಕದ ಮನೆಯ ಮಗುವಿನ ಅಂಕಕ್ಕಿಂತ ತಮ್ಮ ಮಗುವಿನ ಹಿಂದಿನ ಅಂಕದೊಡನೆ ಹೋಲಿಸುವುದು ನ್ಯಾಯವೂ ಹೌದು, ಪ್ರಯೋಜನಕರವೂ ಹೌದು.

2024ರಲ್ಲಿ ಜಾರಿಗೆ ಬಂದ ಮೂರು ಪರೀಕ್ಷೆಗಳ ಪದ್ಧತಿ ಮಕ್ಕಳಿಗೆ ತಿದ್ದಿಕೊಳ್ಳುವ ಅವಕಾಶವನ್ನು ಕೊಡುವ ಉದ್ದೇಶದ್ದಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಉತ್ತೀರ್ಣಕ್ಕೆ ಬೇಕಾದ ಒಟ್ಟು ಅಂಕವನ್ನು ಶೇ 33ಕ್ಕೆ ಇಳಿಸುವ ನಿರ್ಧಾರವನ್ನೂ ಪ್ರಕಟಿಸಿತು. ಗೆರೆ ಇಳಿಸಿದರೆ ಉತ್ತೀರ್ಣರ ಸಂಖ್ಯೆ ಏರಬಹುದು, ಕಲಿಕೆ ತಾನಾಗಿ ಏರುವುದಿಲ್ಲ. ಶಾಲೆಯ ಸಾಧನೆಯನ್ನು ಅಳೆಯುವಾಗ ಎಷ್ಟು ಮಂದಿ ಪಾಸಾದರು ಎಂಬುದರ ಜೊತೆಗೆ, ವರ್ಷದ ಆರಂಭದಲ್ಲಿ ಇದ್ದಲ್ಲಿಂದ ಎಷ್ಟು ಮಕ್ಕಳು ಎಷ್ಟು ಮುಂದೆ ಬಂದರು ಎಂಬುದನ್ನೂ ಇಲಾಖೆ ಕೇಳಬೇಕು. ಅದಕ್ಕೆ ಬೇಕಾದ ಮಾಹಿತಿ ಪ್ರತಿ ಶಾಲೆಯ ಅಂಕಪಟ್ಟಿ ವಹಿಯಲ್ಲೇ ಇದೆ. ಆ ಪ್ರಶ್ನೆಯನ್ನು ಕೇಳತೊಡಗಿದ ದಿನ, ಕೊನೆಯ ಬೆಂಚಿನ ಹುಡುಗನೂ ಶಿಕ್ಷಕರ ಗಮನಕ್ಕೆ ಪಾತ್ರನಾಗುತ್ತಾನೆ.