ಲಕ್ವ ಹೊಡೆದವರ ಮನಸ್ಸನ್ನು ವಿಚಾರಿಸುವವರಾರು?

"ಕೈಕಾಲಿಗೆ ಶಕ್ತಿ ಬರ್ತಾ ಇದೆ ಡಾಕ್ಟ್ರೇ. ಆದ್ರೆ ಇವರು ಗೋಡೆ ಕಡೆ ತಿರುಗಿ ಮಲಗಿದ್ರೆ ಏಳೋದೇ ಇಲ್ಲ. ಪೇಪರ್ ಕೂಡ ಮುಟ್ಟಲ್ಲ."

ಪಾರ್ಶ್ವವಾಯುವಿಗೆ ತುತ್ತಾದವರ ಮನೆಯವರಿಂದ ವೈದ್ಯರು ಪದೇ ಪದೇ ಕೇಳುವ ಮಾತಿದು. ವಯಸ್ಸಾಯಿತು, ಹಟ ಜಾಸ್ತಿಯಾಯಿತು ಎಂದು ನೆಂಟರಿಷ್ಟರು ಸಮಾಧಾನ ಹೇಳುತ್ತಾರೆ. ಆದರೆ ಇದು ಖಿನ್ನತೆಯೆಂಬ ಕಾಯಿಲೆ ಇರಬಹುದು.

ಪಾರ್ಶ್ವವಾಯು ಬಡಿದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಆತಂಕದ ಸಮಸ್ಯೆಯಿರುತ್ತದೆ. ಇದಕ್ಕೆ ಕಾರಣಗಳು ಹಲವು. ರಕ್ತನಾಳ ಕಟ್ಟಿಕೊಂಡೋ ಒಡೆದೋ ಹಾನಿಗೊಳ್ಳುವುದು ಮೆದುಳು. ನಮ್ಮ ಭಾವನೆಗಳನ್ನು ನಿಯಂತ್ರಿಸುವುದೂ ಅದೇ ಮೆದುಳು. ಜೊತೆಗೆ ಸ್ನಾನ, ಶೌಚಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾದ ಸಂಕೋಚ, ನಿಂತುಹೋದ ಸಂಪಾದನೆ, ಮತ್ತೊಮ್ಮೆ ಹೊಡೆದೀತೆಂಬ ಭಯ.

ಖಿನ್ನತೆಗೊಳಗಾದವರು ವ್ಯಾಯಾಮ ಬಿಡುತ್ತಾರೆ, ಬಿ.ಪಿ. ಮಾತ್ರೆ ತಪ್ಪಿಸುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ಚೇತರಿಕೆ ಕುಂಟುತ್ತದೆ, ಜೀವಕ್ಕೂ ಅಪಾಯ ಹೆಚ್ಚುತ್ತದೆ. ಹೀಗಿದ್ದರೂ ನಾವು ವೈದ್ಯರು ರಕ್ತದೊತ್ತಡ ನೋಡುತ್ತೇವೆ, ಕೈ ಎತ್ತಿಸಿ ಕಾಲು ಮಡಿಸಿ ನೋಡುತ್ತೇವೆ. ಮನಸ್ಸು ಹೇಗಿದೆಯೆಂದು ಕೇಳುವುದು ಮಾತ್ರ ಅಪರೂಪ.

ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುನ್ನ ಮತ್ತು ಮೊದಲ ವರ್ಷದ ಪ್ರತಿ ಭೇಟಿಯಲ್ಲೂ ಎಲ್ಲ ರೋಗಿಗಳಿಗೂ ಈ ಪ್ರಶ್ನೆ ಕೇಳುವುದು ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ? ಬೇಸರ, ಹತಾಶೆ ಕಾಡಿತೇ? ತಡೆಯಲಾರದ ಚಿಂತೆ ಇದೆಯೇ? ತರಬೇತಿ ಪಡೆದ ದಾದಿಯೂ ಇವನ್ನು ಕೇಳಬಲ್ಲರು. ಹೌದೆಂದವರನ್ನು ವೈದ್ಯರು ವಿವರವಾಗಿ ಪರೀಕ್ಷಿಸಬೇಕು. ಮಾತು ಬಿದ್ದುಹೋದವರ ವಿಷಯದಲ್ಲಿ ಮನೆಯವರೇ ಸಾಕ್ಷಿ: ಅಳು, ಸಿಡುಕು, ನಿದ್ರೆ, ಊಟ, ಮೊಮ್ಮಕ್ಕಳನ್ನು ಕಂಡರೂ ಅರಳದ ಮುಖ ಇವನ್ನೆಲ್ಲ ಗಮನಿಸಿ ತಿಳಿಸಬೇಕು.

ಎಲ್ಲರಿಗೂ ಒಂದು ಮಾತ್ರೆ ಕೊಟ್ಟರಾಗದೇ ಎಂದು ಕೆಲವರು ಕೇಳಬಹುದು. ಬ್ರಿಟನ್ನಿನಲ್ಲಿ 3,127 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳಿದೆ. ಆರು ತಿಂಗಳು ಫ್ಲುಆಕ್ಸೆಟಿನ್ ಪಡೆದವರಲ್ಲಿ ಹೊಸದಾಗಿ ಖಿನ್ನತೆ ಬಂದವರು ಕಡಿಮೆ. ಆದರೆ ಅಂಗವೈಕಲ್ಯ ತಗ್ಗಲಿಲ್ಲ, ಮೂಳೆ ಮುರಿತ ಹೆಚ್ಚಿತು. ಆದ್ದರಿಂದ ಅಗತ್ಯವಿದ್ದವರನ್ನು ಗುರುತಿಸಿ ಆಪ್ತಸಲಹೆ, ಔಷಧಿ ಕೊಡುವುದೇ ಸರಿಯಾದ ದಾರಿ.

"ಧೈರ್ಯ ತಂದುಕೊಳ್ಳಿ" ಎಂಬುದು ಪ್ರೀತಿಯ ಮಾತು, ಚಿಕಿತ್ಸೆಯಲ್ಲ. "ನಾನಿದ್ದು ಏನು ಪ್ರಯೋಜನ" ಎಂದು ರೋಗಿ ಹೇಳಿದರೆ ಹಗುರವಾಗಿ ಕಾಣಬೇಡಿ. ಒಬ್ಬರನ್ನೇ ಬಿಡದೆ ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.

ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳಲು ಮರೆತರೆ, ನೀವೇ ವಿಷಯ ಎತ್ತಿ. ಆ ಒಂದು ಮಾತಿನಿಂದ ನಿಮ್ಮವರು ಮತ್ತೆ ಪೇಪರ್ ಕೈಗೆತ್ತಿಕೊಳ್ಳಬಹುದು.