ಕೆರೆ ದಂಡೆಯ ಹಾದಿಗಳಲ್ಲಿ ಸೈಕಲ್‌ಗೆ ನಿಯಮ ಬೇಕು, ನಿಷೇಧ ಬೇಡ: ಮನವಿ ಪತ್ರ

ಗೆ,
ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ,
ಬೆಂಗಳೂರು.

ಪ್ರತಿಗಳು: ನಗರ ಭೂ ಸಾರಿಗೆ ನಿರ್ದೇಶನಾಲಯ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು ಸಂಚಾರ ಪೊಲೀಸ್.

ವಿಷಯ: ನಗರದ ಕೆರೆಗಳ ಏರಿ ಹಾಗೂ ದಂಡೆಯ ಹಾದಿಗಳಲ್ಲಿ ಹದವಾದ, ಒಂದೇ ವೇಗದ ಸೈಕಲ್ ಸವಾರಿಗೆ ಅವಕಾಶ ಮತ್ತು ಸ್ಪಷ್ಟ ನಿಯಮ ಕೋರಿ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು, ಬೆಳಗಿನ ಹೊತ್ತು ವ್ಯಾಯಾಮಕ್ಕೆಂದು ಸವಾರಿ ಮಾಡುವವರು. ನಮ್ಮಲ್ಲಿ ಅನೇಕರು ಸಂಜೆ ಅದೇ ಕೆರೆಗಳ ಏರಿಯ ಮೇಲೆ ಮಕ್ಕಳ ಕೈ ಹಿಡಿದು ವಾಕಿಂಗ್ ಹೋಗುವವರೂ ಹೌದು. ಎರಡೂ ಕಡೆಯ ಭಯ ನಮಗೆ ಗೊತ್ತಿರುವುದರಿಂದಲೇ ಈ ಮನವಿಯನ್ನು ಬರೆಯುತ್ತಿದ್ದೇವೆ.

ಇಂದು ನಗರದ ಕೆರೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಕೆಲವು ಕೆರೆಗಳ ಗೇಟಿನಲ್ಲಿ ಸೈಕಲ್ ನಿಷೇಧದ ಫಲಕವಿದೆ. ಇನ್ನು ಕೆಲವು ಕಡೆ ಫಲಕವೂ ಇಲ್ಲ, ಕೇಳುವವರೂ ಇಲ್ಲ. ಅಲ್ಲಿ ಮೂರು ಚಕ್ರದ ಸೈಕಲ್ ತುಳಿಯುವ ಮಗು, ಮಾತಾಡುತ್ತಾ ನಾಲ್ವರು ಸಾಲಾಗಿ ನಡೆಯುವ ಹಿರಿಯರು, ಇಯರ್‌ಫೋನ್ ಹಾಕಿಕೊಂಡು ಓಡುವವರು, ಗಂಟೆಗೆ 30 ಕಿ.ಮೀ. ವೇಗದಲ್ಲಿ ನುಗ್ಗುವ ಗೇರ್ ಸೈಕಲ್, ಸದ್ದಿಲ್ಲದೆ ಹಿಂದಿನಿಂದ ಬರುವ ಎಲೆಕ್ಟ್ರಿಕ್ ಸ್ಕೂಟರ್ ಎಲ್ಲವೂ ಒಂದೇ ಹಾದಿಯಲ್ಲಿ. ಯಾರಿಗಾದರೂ ಪೆಟ್ಟಾದ ಮೇಲೆ ದೂರು, ದೂರಿನ ಮೇಲೆ ನಿಷೇಧ. ಆ ನಿಷೇಧದ ಬಿಸಿ ತಟ್ಟುವುದು ವೇಗದ ಸವಾರನಿಗಲ್ಲ, ಅವನು ಬೇರೆ ರಸ್ತೆ ಹುಡುಕಿಕೊಳ್ಳುತ್ತಾನೆ. ಹ್ಯಾಂಡಲ್‌ಗೆ ಊಟದ ಕ್ಯಾರಿಯರ್ ತೂಗುಹಾಕಿಕೊಂಡು ರಾತ್ರಿ ಪಾಳಿ ಮುಗಿಸಿ ಬರುವ ಕಾವಲುಗಾರ, ಗಾರೆ ಕೆಲಸದವರು, ಪೇಪರ್ ಹಾಕುವ ಹುಡುಗರು ಮಾತ್ರ ಗೇಟಿನಿಂದ ಹಿಂದಿರುಗಿ, ಲಾರಿ ಬಸ್ಸುಗಳ ನಡುವೆ ಸುತ್ತು ಹಾಕಿ ಹೋಗಬೇಕಾಗುತ್ತದೆ. ಯಾವ ನಿಯಮವೂ ಇಲ್ಲದೆಯೇ ಹದವಾದ ವೇಗದಲ್ಲಿ ಸಾಗುವವರು ಅವರೇ.

ನಮ್ಮ ಬೇಡಿಕೆಯ ತಿರುಳು ವೇಗದ ಲೆಕ್ಕದಲ್ಲಿದೆ. ದಯವಿಟ್ಟು ಇದನ್ನು ಗಮನವಿಟ್ಟು ನೋಡಬೇಕು. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಸೆಕೆಂಡಿಗೆ ನಾಲ್ಕು ಮೀಟರ್‌ಗಿಂತ ತುಸು ಹೆಚ್ಚು ಸಾಗುತ್ತದೆ. ಎದುರಿಗೆ ಮಗು ಅಡ್ಡ ಬಂದಾಗ ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದು ಹಿಡಿದರೂ, ಒಣ ನೆಲದಲ್ಲಿ ಒಳ್ಳೆಯ ಬ್ರೇಕ್ ಇದ್ದರೆ ಸೈಕಲ್ 6ರಿಂದ 7 ಮೀಟರ್‌ನಲ್ಲಿ ನಿಲ್ಲುತ್ತದೆ. ಅದೇ ಸೈಕಲ್ 30 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು 17 ಮೀಟರ್ ಹತ್ತಿರ ಬೇಕು. ವೇಗ ಇಮ್ಮಡಿಯಾದಾಗ ಬ್ರೇಕ್ ಹಿಡಿದ ಮೇಲೆ ಜಾರುವ ದೂರ ನಾಲ್ಕು ಪಟ್ಟಾಗುವುದರಿಂದ ಹೀಗಾಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಇಂಟರ್‌ಲಾಕ್ ಕಲ್ಲಿನ ಮೇಲಂತೂ ಈ ದೂರ ಇನ್ನೂ ಹೆಚ್ಚು. ಜನ ಓಡಾಡುವ ಕೆರೆ ದಂಡೆಯಲ್ಲಿ 17 ಮೀಟರ್ ಖಾಲಿ ಜಾಗ ಯಾರಿಗೂ ಸಿಗುವುದಿಲ್ಲ.

ಹಾಗೆಂದು ‘ನಡಿಗೆಯ ವೇಗದಲ್ಲಿ ಮಾತ್ರ’ ಎಂದು ಬರೆಸುವುದೂ ತಪ್ಪು. ತೀರಾ ನಿಧಾನವಾದಾಗ ಸೈಕಲ್ ನೇರ ಸಾಗದೆ ಓಲಾಡುತ್ತದೆ, ಪಕ್ಕದಲ್ಲಿ ನಡೆಯುವವರಿಗೆ ತಗಲುತ್ತದೆ. ಅಪಾಯ ಹೆಚ್ಚುವುದು ವೇಗ ಏರಿಳಿಯುವಾಗ. ಗುಂಪು ಕಂಡಾಗ ನಿಧಾನ, ಜಾಗ ಕಂಡೊಡನೆ ಓಟ, ಮತ್ತೆ ಗಕ್ಕನೆ ಬ್ರೇಕ್. ಹೀಗೆ ಹೋಗುವ ಸವಾರ ಮುಂದಿನ ಗಳಿಗೆ ಎಲ್ಲಿರುತ್ತಾನೆಂದು ನಡೆಯುವವರು ಊಹಿಸಲಾರರು. ಒಂದೇ ಹದದಲ್ಲಿ, ಒಂದೇ ಗೆರೆಯಲ್ಲಿ, ಹಗುರವಾದ ಗೇರಿನಲ್ಲಿ ತುಳಿಯುವವನ ಮೇಲೆ ಎಲ್ಲರಿಗೂ ನಂಬಿಕೆ ಬರುತ್ತದೆ. ಆದ್ದರಿಂದ ಸೈಕಲ್‌ಗೆ ಅವಕಾಶವಿರುವ ಎಲ್ಲ ಕೆರೆ ಹಾದಿಗಳಲ್ಲಿ ಗಂಟೆಗೆ 15 ಕಿ.ಮೀ. ಮಿತಿ ಗೊತ್ತುಪಡಿಸಿ, ಗೇಟಿನಲ್ಲಿ ಮಾತ್ರವಲ್ಲದೆ ಹಾದಿಯುದ್ದಕ್ಕೂ ನೆಲದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಬೇಕೆಂದು ಕೋರುತ್ತೇವೆ. ಬೆಲ್ ಇಲ್ಲದ ಸೈಕಲ್ಲನ್ನು ಒಳಗೆ ಬಿಡಬಾರದು. ಬೆಲ್ಲನ್ನು ದೂರದಲ್ಲೇ ಒಮ್ಮೆ ಬಾರಿಸಿ ಬಲಗಡೆಯಿಂದ ದಾಟಬೇಕು, ಬೆನ್ನ ಹಿಂದೆ ಬಂದು ಬಾರಿಸಿ ಜನರನ್ನು ಬೆಚ್ಚಿಬೀಳಿಸಬಾರದು. ಸವಾರರು ಜೋಡಿಯಾಗಿ ಹೋಗಬಾರದು. ಮೊಬೈಲ್ ಆ್ಯಪ್‌ನಲ್ಲಿ ಸುತ್ತಿನ ಸಮಯ ದಾಖಲಿಸಿ ಪೈಪೋಟಿಗಿಳಿಯುವವರನ್ನು ಹೊರಗೆ ಕಳಿಸುವ ಅಧಿಕಾರ ಕೆರೆಯ ಕಾವಲು ಸಿಬ್ಬಂದಿಗೆ ಇರಬೇಕು. ಇವು ನಮ್ಮ ಮೇಲೆ ನಾವೇ ಹೇರಿಕೊಳ್ಳುತ್ತಿರುವ ಕಟ್ಟುಪಾಡುಗಳು.

ಎಲ್ಲ ಕೆರೆಗೂ ಸೈಕಲ್ ಒಗ್ಗುವುದಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯಂಥ ಕಡೆ ಹಾದಿ ಚಿಕ್ಕದು, ಜನ ಹೆಚ್ಚು. ಅಲ್ಲಿ ಸೈಕಲ್ ಬೇಡವೆಂದು ನಾವೇ ಹೇಳುತ್ತೇವೆ. ನಮ್ಮ ಕೋರಿಕೆಯೆಂದರೆ, ಪ್ರತಿ ಕೆರೆಯ ಹಾದಿಯ ಅಗಲವನ್ನು ಅಳೆದು, ಬೆಳಿಗ್ಗೆ ಮತ್ತು ಸಂಜೆ ಬರುವ ಜನರನ್ನು ಎಣಿಸಿ, ಆ ಲೆಕ್ಕವನ್ನು ಪ್ರಕಟಿಸಿ, ಅದರ ಆಧಾರದಲ್ಲಿ ತೀರ್ಮಾನ ಮಾಡಬೇಕು. ಹಾದಿ ಐದು ಮೀಟರ್‌ಗಿಂತ ಅಗಲವಿದ್ದಲ್ಲಿ ನಡೆಯುವವರಿಗೂ ಸವಾರರಿಗೂ ಬೇರೆ ಬೇರೆ ಪಟ್ಟಿ ಕೊಡಬೇಕು. ನಡೆಯುವವರ ಪಟ್ಟಿ ನೀರಿನ ಕಡೆಗಿರಲಿ, ಹಕ್ಕಿ ನೋಡಲು ನಿಲ್ಲುವವರು ಅವರು. ಅಷ್ಟು ಅಗಲವಿಲ್ಲದ, ಆದರೆ ಸುತ್ತಳತೆ ದೊಡ್ಡದಿರುವ ಕೆರೆಗಳಲ್ಲಿ ಸವಾರರು ಒಂದೇ ದಿಕ್ಕಿನಲ್ಲಿ ಸುತ್ತುವ ನಿಯಮ ತರಬಹುದು. ಕೆನಡಾದ ವ್ಯಾಂಕೂವರ್ ನಗರದ ಸ್ಟ್ಯಾನ್ಲಿ ಪಾರ್ಕಿನ ಕಡಲ ದಂಡೆಯ ಹಾದಿಯಲ್ಲಿ ಸೈಕಲ್‌ಗಳು ಅಪ್ರದಕ್ಷಿಣೆಯಾಗಿ ಮಾತ್ರ ಹೋಗಬೇಕು. ಅಮೆರಿಕದ ಷಿಕಾಗೋ ನಗರ ಮಿಷಿಗನ್ ಸರೋವರದ ದಡದ ಸುಮಾರು 29 ಕಿ.ಮೀ. ಹಾದಿಯಲ್ಲಿ ನಡೆಯುವವರನ್ನೂ ಸೈಕಲ್‌ನವರನ್ನೂ ಬೇರ್ಪಡಿಸುವ ಕೆಲಸವನ್ನು 2018ರಲ್ಲಿ ಮುಗಿಸಿತು. ಅಲ್ಲೂ ಮೊದಲು ಎಲ್ಲರೂ ಒಂದೇ ಹಾದಿಯಲ್ಲಿ ನೂಕಾಡುತ್ತಿದ್ದರು.

ಆದರೆ ಹಾದಿ ಅಗಲಿಸುವ ನೆಪದಲ್ಲಿ ಕೆರೆಯ ಅಂಗಳಕ್ಕೆ ಒಂದು ಬುಟ್ಟಿ ಮಣ್ಣೂ ಬೀಳಬಾರದು. ಏರಿ ಇರುವುದು ನೀರನ್ನು ತಡೆಯಲು. ಹಾದಿ ಅದರ ಮೇಲೆ ಬಂದು ಕೂತಿದೆ. ಏರಿಯ ಮೇಲೆ ಕಾಂಕ್ರೀಟ್ ಹಾಸುವುದು, ತೂಬು ಕೋಡಿಗಳನ್ನು ಮುಚ್ಚುವುದು, ಹಕ್ಕಿಗಳು ಗೂಡು ಕಟ್ಟುವ ನಡುಗಡ್ಡೆಗಳತ್ತ ಪ್ರಖರ ದೀಪ ಬಿಡುವುದು ಇವು ಯಾವುವೂ ನಮ್ಮ ಹೆಸರಿನಲ್ಲಿ ಆಗಕೂಡದು. ಸೈಕಲ್‌ಗೆ ಬೇಕಾದ್ದು ಗಟ್ಟಿಯಾಗಿ ದಮ್ಮಸ್ಸು ಮಾಡಿದ, ನೀರು ನಿಲ್ಲದ, ಪಾಚಿ ಕಟ್ಟದ ನೆಲ ಅಷ್ಟೇ. ಚರಂಡಿಯ ಕಬ್ಬಿಣದ ಜಾಲರಿಗಳ ಸೀಳು ಹಾದಿಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ ತೆಳು ಟೈರ್ ಅದರೊಳಗೆ ಸಿಕ್ಕಿಕೊಂಡು ಸವಾರ ಮುಂದಕ್ಕೆ ಬೀಳುತ್ತಾನೆ. ಬೈಕ್ ತಡೆಯಲೆಂದು ಗೇಟಿನಲ್ಲಿ ಹಾಕುವ ಅಡ್ಡ ಕಂಬಿಗಳು ಗಾಲಿಕುರ್ಚಿಯನ್ನೂ, ಮಗುವಿನ ಗಾಡಿಯನ್ನೂ ತಡೆಯುತ್ತಿವೆ. ಇಂಥ ಪ್ರತಿ ಗೇಟನ್ನೂ ಬದಲಿಸಬೇಕು. ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ.

ಎಲೆಕ್ಟ್ರಿಕ್ ವಾಹನಗಳ ಬಗ್ಗೆಯೂ ಒಂದು ಮಾತು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ವಾಹನಗಳಿಗೆ ನೋಂದಣಿ ಬೇಕಿಲ್ಲವೆಂಬ ಕಾರಣಕ್ಕೆ ಅವು ಕೆರೆ ಹಾದಿಗೂ ನುಗ್ಗುತ್ತವೆ. ಅಂಗವಿಕಲರ ವಾಹನಗಳನ್ನುಳಿದು ಬೇರೆ ಯಾವ ಮೋಟಾರು ವಾಹನವೂ ಏರಿಯ ಮೇಲೆ ಬರಬಾರದು.

ಈಗ ಎಲ್ಲಕ್ಕಿಂತ ಜರೂರಿನ ವಿಷಯ. ಹಿಂದೆ ನೊರೆಯಿಂದಾಗಿ ದೇಶದಲ್ಲೆಲ್ಲ ಸುದ್ದಿಯಾದ ಬೆಳ್ಳಂದೂರು ಕೆರೆಯ ಪುನಶ್ಚೇತನವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೈಗೊಂಡಿದೆ. ಅದರ ಮೇಲ್ಭಾಗದಲ್ಲಿ, ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಅಗರ ಕೆರೆಯಿದೆ. ಈ ಎರಡು ಕೆರೆಗಳ ದಂಡೆಯನ್ನು ಸೇರಿಸುವ ಹಾದಿಯೊಂದು ಬಂದರೆ, ಆ ಭಾಗದ ಕಚೇರಿಗಳಿಗೆ, ಕಟ್ಟಡ ಕೆಲಸಗಳಿಗೆ ಸೈಕಲ್‌ನಲ್ಲಿ ಹೋಗುವವರು ರಿಂಗ್ ರೋಡಿನ ಸರ್ವಿಸ್ ರಸ್ತೆಯ ಹೊಗೆ ಮತ್ತು ಜೀವಭಯದಿಂದ ಪಾರಾಗುತ್ತಾರೆ. 2020ರಲ್ಲಿ ಇದೇ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಲಾಗಿತ್ತು. ಬೈಕುಗಳು ಅದರೊಳಗೆ ನುಗ್ಗಿದವು, ಕಂಬಗಳು ಮುರಿದವು, ಪಥ ಉಳಿಯಲಿಲ್ಲ. ಸೈಕಲ್ ತುಳಿಯುವವರು ಇಲ್ಲದ್ದರಿಂದ ಅದು ಸೋತಿತು ಎಂದು ಹೇಳುವವರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ಕಾಯುವವರಿಲ್ಲದೆ ಅದು ಹಾಳಾಯಿತು. ಬೆಳ್ಳಂದೂರಿನ ದಂಡೆಯ ನಕ್ಷೆ ಅಂತಿಮವಾಗುವ ಮೊದಲೇ ಸೈಕಲ್ ಪಟ್ಟಿಯನ್ನು ಅದರಲ್ಲಿ ಸೇರಿಸಬೇಕೆಂದು, ನಕ್ಷೆಯನ್ನು ಸಾರ್ವಜನಿಕರ ಮುಂದಿಡಬೇಕೆಂದು ಒತ್ತಾಯಿಸುತ್ತೇವೆ.

ವೇಗವಾಗಿ ತುಳಿಯಬೇಕೆನ್ನುವವರ ಆಸೆ ತಪ್ಪಲ್ಲ. ಸ್ಪರ್ಧೆಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಈ ನಗರದಲ್ಲಿ ಜಾಗವೇ ಇಲ್ಲ. ಅವರಿಗಾಗಿ ಭಾನುವಾರ ಬೆಳಗಿನ ಹೊತ್ತು ಪ್ರತಿ ನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಒಂದೊಂದು ರಸ್ತೆಯನ್ನು ಮೋಟಾರು ವಾಹನಗಳಿಗೆ ಮುಚ್ಚಿ ಬಿಟ್ಟುಕೊಡಬೇಕು.

ಇದಕ್ಕೆಲ್ಲ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 138(1ಎ) ಕಲಮು, ಪಾದಚಾರಿಗಳ ಮತ್ತು ಮೋಟಾರಿಲ್ಲದ ವಾಹನಗಳ ಸಂಚಾರಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ನಗರ ಭೂ ಸಾರಿಗೆ ನಿರ್ದೇಶನಾಲಯವು ಪಾದಚಾರಿಗಳು ಮತ್ತು ಸೈಕಲ್ ಸವಾರರ ಹಕ್ಕುಗಳ ಕುರಿತು ಕರಡು ಮಸೂದೆಯನ್ನೂ ಸಿದ್ಧಪಡಿಸಿತ್ತು. ಆ ಶ್ರಮ ಕಡತದಲ್ಲಿ ಉಳಿಯಬಾರದು.

ಮೊದಲ ಹೆಜ್ಜೆಯಾಗಿ, ಜಕ್ಕೂರಿನಂಥ ಒಂದು ದೊಡ್ಡ ಕೆರೆಯನ್ನು ಆಯ್ದು, ಅಲ್ಲಿನ ನಡಿಗೆದಾರರ, ಪಕ್ಷಿ ವೀಕ್ಷಕರ, ಮೀನುಗಾರರ ಒಪ್ಪಿಗೆ ಪಡೆದು ಆರು ತಿಂಗಳು ಈ ನಿಯಮಗಳನ್ನು ಪ್ರಾಯೋಗಿಕವಾಗಿ ಜಾರಿಗೆ ತನ್ನಿ. ಢಿಕ್ಕಿ, ಬೀಳುವಿಕೆ, ದೂರು ಪ್ರತಿಯೊಂದನ್ನೂ ದಾಖಲಿಸಿ ತಿಂಗಳಿಗೊಮ್ಮೆ ಪ್ರಕಟಿಸಿ. ನಡೆಯುವವರಿಗೆ ತೊಂದರೆ ಹೆಚ್ಚಿದೆಯೆಂದು ಆ ದಾಖಲೆ ತೋರಿಸಿದರೆ ನಾವು ತಕರಾರಿಲ್ಲದೆ ಏರಿಯಿಂದ ಕೆಳಗಿಳಿಯುತ್ತೇವೆ. ನಿಯಮ ತಿಳಿಸಿ ಹೇಳಲು ಬೆಳಗಿನ ಹೊತ್ತು ಗೇಟಿನಲ್ಲಿ ಸ್ವಯಂಸೇವಕರಾಗಿ ನಿಲ್ಲಲು ಸಹ ಸಿದ್ಧರಿದ್ದೇವೆ.

ತಾವು ಈ ವಿಷಯವಾಗಿ ಸವಾರರು, ನಡಿಗೆದಾರರು ಮತ್ತು ಸಂಬಂಧಪಟ್ಟ ಇಲಾಖೆಗಳ ಜಂಟಿ ಸಭೆಯನ್ನು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕರೆಯಬೇಕೆಂದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಸೈಕಲ್ ಸವಾರರು ಮತ್ತು ಕೆರೆ ನಡಿಗೆದಾರರು
(ಸಹಿಗಳ ಪಟ್ಟಿ ಲಗತ್ತಿಸಿದೆ)